ಮುಳಕ ಬಿಡಲಿಲ್ಲ, ಎಣ್ಣೆ ತೂಗಿದೆ

ನಮ್ಮೂರು ಸಾಗರದ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಎರಡು ವರ್ಷದ ಹಿಂದೆ ಜಿಮ್ ಸೇರಿದಾಗ ನನ್ನ ತೂಕ 84 ಕೆಜಿ. ಸಿಹಿ ಪೂರ್ತಿ ಬಂದ್ ಅಂತ ಶಪಥ ಮಾಡಿ ಐದು ವಾರ ಬಾಯಿ ಕಟ್ಟಿದೆ. ಆರನೇ ವಾರ ಚಿಕ್ಕಪ್ಪನ ಮನೆ ಗೃಹಪ್ರವೇಶ. ಒಂದೇ ಪಂಕ್ತಿಯಲ್ಲಿ ಒಂಬತ್ತು ಹೋಳಿಗೆ ಇಳಿಸಿದೆ. ಬಡಿಸುವವರೂ ಬಿಡಲಿಲ್ಲ, ನಾನೂ ಬೇಡ ಅನ್ನಲಿಲ್ಲ.

ಆಮೇಲಿನ ದಡ್ಡತನ ಬೆಲ್ಲದ್ದು. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೇದು ಅಂತ ಕಾಫಿಗೂ ಬೆಲ್ಲ, ದೋಸೆಗೂ ಜೋನಿ ಬೆಲ್ಲ, ಅಂದ್ರೆ ನೀರು ಬೆಲ್ಲ. ತೂಕ ಇಳಿಯಲೇ ಇಲ್ಲ. ಇಳಿಯೋದು ಹೇಗೆ, 100 ಗ್ರಾಂ ಅಚ್ಚು ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ, ಸಕ್ಕರೆಯಲ್ಲಿ 390ರ ಆಸುಪಾಸು. ರುಚಿ ಬೇರೆ, ಲೆಕ್ಕ ಹೆಚ್ಚುಕಮ್ಮಿ ಒಂದೇ.

ಹಲಸಿನ ಹಣ್ಣಿನ ಕಾಲದಲ್ಲಿ ಊರಿಗೆ ಹೋದಾಗ ಅಡುಗೆಮನೆ ತಕ್ಕಡಿಯನ್ನೂ ಒಯ್ದೆ. ಅಮ್ಮ ಮುಳಕಕ್ಕೆ (ಹಲಸಿನ ಹಣ್ಣಿನ ಕರಿದ ಸಿಹಿ ಉಂಡೆ) ಬಾಣಲೆ ಇಡುವ ಮುಂಚೆ ಎಣ್ಣೆ ತೂಗಿದೆ, 24 ಮುಳಕ ಕರಿದು ಎಣ್ಣೆ ಆರಿದ ಮೇಲೆ ಮತ್ತೆ ತೂಗಿದೆ. 190 ಗ್ರಾಂ ಮಾಯ! ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅಂದ್ರೆ ಒಂದೊಂದು ಮುಳಕ ಎಂಟು ಗ್ರಾಂ ಎಣ್ಣೆ ಕುಡಿದು, ಹಣ್ಣು ಬೆಲ್ಲ ಅಕ್ಕಿಯ ಲೆಕ್ಕ ಬಿಟ್ಟು, ಬರೀ ಎಣ್ಣೆಯಿಂದಲೇ 70 ಕ್ಯಾಲೊರಿ ಹೊತ್ತು ಕೂತಿತ್ತು. ಅದೇ ಹಣ್ಣು, ಅದೇ ಬೆಲ್ಲ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದರೆ ಕಡುಬು. ಎಣ್ಣೆ ಸೊನ್ನೆ. ಹೋಳಿಗೆಯದ್ದೂ ಇದೇ ಕಥೆ. ಮೇಲೆ ಸುರಿಯುವ ತುಪ್ಪ ಒಂದು ದೊಡ್ಡ ಚಮಚ, 15 ಗ್ರಾಂ ಅಂದ್ರೂ 130 ಕ್ಯಾಲೊರಿ ದಾಟುತ್ತದೆ. ಅಮ್ಮ ಒಂದು ಚಮಚಕ್ಕೆ ನಿಲ್ಲಿಸೋದಿಲ್ಲ ಅನ್ನೋದು ಬೇರೆ ವಿಷಯ.

ಈಗ ದಿನಕ್ಕೆ 200 ಕ್ಯಾಲೊರಿ ಸಿಹಿಗೆ ಅಂತಲೇ ಎತ್ತಿಟ್ಟಿದ್ದೇನೆ. ಆದರೆ ಮೊದಲು ಪ್ರೋಟೀನ್. ಕೆಜಿ ತೂಕಕ್ಕೆ 1.6 ಗ್ರಾಂ ಲೆಕ್ಕದಲ್ಲಿ, ಈಗಿನ 77 ಕೆಜಿಗೆ ಸುಮಾರು 123 ಗ್ರಾಂ. ಮೊಸರು, ಕಾಳು, ಪನೀರ್, ಮೊಟ್ಟೆ (ಅಮ್ಮನಿಗೆ ಹೇಳಬೇಡಿ). ಅದು ಮುಗಿದ ಮೇಲೇ ಸಿಹಿ, ಅದೂ ತಟ್ಟೆಗೆ ಹಾಕಿಕೊಂಡು, ಕೂತು. ಡಬ್ಬಿಯಿಂದ ನಿಂತಲ್ಲೇ ತಿಂದದ್ದು ಎಷ್ಟು ಅಂತ ನನಗೆ ಯಾವತ್ತೂ ನೆನಪಿರೋದಿಲ್ಲ.

ಹೊತ್ತೂ ನೋಡಬೇಕು. ಸ್ಕ್ವಾಟ್ ದಿನ, ಅಂದ್ರೆ ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವ ದಿನ, ಜಿಮ್‌ಗೆ ಒಂದೂವರೆ ಗಂಟೆ ಮುಂಚೆ ಒಂದು ತುಂಡು ಕಡುಬು ತಿಂದರೆ ಕೊನೇ ಸೆಟ್‌ವರೆಗೂ ಕಾಲಲ್ಲಿ ಕಸುವಿರುತ್ತದೆ. ಒಮ್ಮೆ ತುಪ್ಪದ ಹೋಳಿಗೆ ತಿಂದು ಹೋಗಿದ್ದೆ. ಬಾರ್ ಹೆಗಲ ಮೇಲೆ, ಹೋಳಿಗೆ ಗಂಟಲಲ್ಲಿ. ಕೊಬ್ಬು ನಿಧಾನಕ್ಕೆ ಅರಗುತ್ತೆ ಅಲ್ವಾ, ಹಾಗಾಗಿ ತುಪ್ಪ, ಎಣ್ಣೆಯದ್ದೆಲ್ಲ ಈಗ ಜಿಮ್ ಮುಗಿದ ಮೇಲೆ.

ಶುರುವಿನಲ್ಲಿ ಅಮ್ಮನಿಗೆ ಬೇಜಾರಾಗಿತ್ತು. "ಒಂದೇ ಸಾಕಾ? ಯಾವಾಗಿಂದ ನೆಂಟನಾದೆಯೋ?" ಅಂದಿದ್ದರು. ಈಗ ಕಡುಬನ್ನೇ ಜಾಸ್ತಿ ಮಾಡುತ್ತಾರೆ.

ತೊಡೆದೇವು ಅನ್ನೋ ನಮ್ಮ ಮಲೆನಾಡಿನ ಗರಿಗರಿ ಸಿಹಿಗೆ ಮಾತ್ರ ನನ್ನ ತಕ್ಕಡಿ ಸೋತಿದೆ. ಕಾಗದದಷ್ಟು ತೆಳು, ತೂಕವೇ ಇಲ್ಲ, ಒಂದು ತಿಂದರೆ ತಿಂದ ಹಾಗೇ ಇರೋದಿಲ್ಲ. ಅದಕ್ಕೆ ಡಬ್ಬಿಯನ್ನು ಊರಲ್ಲೇ ಬಿಟ್ಟು ನಾಲ್ಕು ಮಾತ್ರ ಸುತ್ತಿಕೊಂಡು ಬಸ್ ಹತ್ತುತ್ತೇನೆ. ಆನಂದಪುರ ದಾಟುವಷ್ಟರಲ್ಲಿ ನಾಲ್ಕೂ ಮುಗಿದಿರುತ್ತವೆ.