ಕೊಡಗಲ್ಲಿ ರ್‍ಯಾಲಿ ಮಾರ್ಷಲ್ ಆಗಿ ನಿಲ್ಲೋದಾದ್ರೆ

ಕಾಫಿ ತೋಟದ ಮಣ್ಣು ರಸ್ತೇಲಿ ಕಾರ್ ರ್‍ಯಾಲಿ ನಡೆಯುವಾಗ, ದಾರಿ ಪಕ್ಕ ನಿಂತು ಸುರಕ್ಷತೆ ನೋಡ್ಕೊಳ್ಳೋ ಮಾರ್ಷಲ್‌ಗೆ ಮೊದಲ ಕೆಲ್ಸ ಜನರನ್ನ ಕಾಪಾಡೋದು. ತಿರುವಿನ ಹೊರಗಡೆ ಯಾರನ್ನೂ ನಿಲ್ಲೋಕೆ ಬಿಡ್ಬೇಡಿ, ಜಾರಿದ ಕಾರು ಬರೋದು ಅಲ್ಲಿಗೇನೆ, ನೀವೂ ಬರೆ (ರಸ್ತೆ ಪಕ್ಕದ ಮಣ್ಣಿನ ದಿಬ್ಬ) ಮೇಲೆ ಎತ್ತರದಲ್ಲಿ ನಿಲ್ಲಿ, ಹಿಂದೆ ಓಡೋಕೆ ಜಾಗ ಇರ್ಲಿ. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಮಕ್ಳು, ನಾಯಿ, ದನ ಎಲ್ಲ ರಸ್ತೆಗೆ ಬರ್ತಾವೆ, ಬೆಳಿಗ್ಗೆನೇ ಹೋಗಿ ಮನೆಯವ್ರಿಗೆ ಹೇಳ್ಬಿಡಿ, ದಯವಿಟ್ಟು ಇದನ್ನ ಮರೀಬೇಡಿ.

ಹೋದ ಪ್ರತಿ ಕಾರಿನ ನಂಬರ್ ಬರ್ಕೊಳ್ಳಿ, ಒಂದು ಬರ್ಲಿಲ್ಲ ಅಂದ್ರೆ ತಕ್ಷಣ ರೇಡಿಯೋದಲ್ಲಿ ತಿಳಿಸಿ, ತೋಟದೊಳಗೆ ಮೊಬೈಲ್ ನೆಟ್‌ವರ್ಕ್ ನಂಬ್ಕೊಂಡು ಕೂರಬೇಡಿ. ನಿಂತ ಕಾರಿನವ್ರು ಹಸಿರು ಓಕೆ ಬೋರ್ಡ್ ತೋರ್ಸಿದ್ರೆ ಪರ್ವಾಗಿಲ್ಲ, ಕೆಂಪು ಎಸ್‌ಒಎಸ್ ಅಂದ್ರೆ ಡಾಕ್ಟರ್ ಬೇಕು ಅಂತ. ಓಟ ನಿಲ್ಸೋಕೆ ತೋರ್ಸೋ ಕೆಂಪು ಬಾವುಟ ಮಾತ್ರ ರ್‍ಯಾಲಿ ನಡೆಸೋ ಕಂಟ್ರೋಲ್‌ನವ್ರು ಹೇಳ್ದೆ ಎತ್ಬಾರ್ದು. ಎಲ್ಲರ ಹಿಂದೆ ದಾರಿ ನೋಡ್ಕೊಂಡು ಬರೋ ಕೊನೇ ಸ್ವೀಪ್ ಕಾರ್ ಹೋಗೋವರ್ಗೂ ಜಾಗ ಬಿಡ್ಬೇಡಿ.