ಬೆಕ್ಕಿಗೆ ಜಂತುಹುಳದ ಮಾತ್ರೆ ನುಂಗಿಸುವುದು ಹೇಗೆ?

ಬೆಕ್ಕಿನ ಬಾಲದ ಬುಡದಲ್ಲೋ ಅದು ಮಲಗೆದ್ದ ಚಾಪೆಯ ಮೇಲೋ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದೆಯೇ? ಅದು ಲಾಡಿಹುಳದ ತುಂಡು. ಹಸಿಯಿದ್ದಾಗ ಮಿಸುಕಾಡುತ್ತದೆ, ಒಣಗಿದ ಮೇಲೆ ಎಳ್ಳಿನಂತೆ ಕಾಣುತ್ತದೆ. ವಾಂತಿಯಲ್ಲಿ ಶಾವಿಗೆಯಂತೆ ಸುತ್ತಿಕೊಂಡು ಬಿದ್ದರೆ ಅದು ದುಂಡುಹುಳು. ಮರಿಗಳಿಗೆ ಇದು ತಾಯಿಯ ಹಾಲಿನಿಂದಲೇ ಬರುತ್ತದೆ. ಮೈ ಸೊರಗಿ ಹೊಟ್ಟೆ ಮಾತ್ರ ಗುಡಾಣವಾಗುತ್ತದೆ.

ದುಂಡುಹುಳಕ್ಕೆ ಪೈರಾಂಟೆಲ್, ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್. ಎರಡೂ ಸೇರಿರುವ, ಬೆಕ್ಕಿಗೆಂದೇ ಮಾಡಿದ ಮಾತ್ರೆಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮುರಿದು ಹಾಕುವವರಿದ್ದಾರೆ. ಬೆಕ್ಕಿನ ಅಸ್ಥಿಮಜ್ಜೆಗೆ ಅದರಿಂದ ಅಪಾಯವಿದೆ, ದಯವಿಟ್ಟು ಬೇಡ. ಬೆಳ್ಳುಳ್ಳಿ ಅರೆದು ಕುಡಿಸುವುದಂತೂ ಬೇಡವೇ ಬೇಡ, ಅದು ಬೆಕ್ಕಿನ ರಕ್ತಕ್ಕೆ ವಿಷ.

ಪ್ರಮಾಣ ತೂಕದ ಮೇಲೆ ನಿಂತಿದೆ. ಬೆಕ್ಕನ್ನೆತ್ತಿಕೊಂಡು ತೂಕ ನೋಡಿ, ಆಮೇಲೆ ನೀವೊಬ್ಬರೇ ನಿಂತು ನೋಡಿ, ಕಳೆಯಿರಿ.

ಇನ್ನು ನುಂಗಿಸುವುದು. ಎಲ್ಲರೂ ಸೋಲುವುದು ಇಲ್ಲೇ. ನಮ್ಮ ಪಕ್ಕದ ಮನೆಯವರು ಮಾತ್ರೆ ಪುಡಿ ಮಾಡಿ ಹಾಲಿಗೆ ಬೆರೆಸಿಟ್ಟರು. ಪ್ರಾಜಿಕ್ವಾಂಟೆಲ್ ವಿಪರೀತ ಕಹಿ. ಬೆಕ್ಕು ಒಮ್ಮೆ ನೆಕ್ಕಿ, ಬಾಯಿತುಂಬ ನೊರೆ ಸುರಿಸುತ್ತಾ ಓಡಿತು. ಆ ಬಟ್ಟಲಿನ ಹತ್ತಿರ ಒಂದು ವಾರ ಸುಳಿಯಲಿಲ್ಲ. ಪುಡಿ ಮಾಡಬೇಡಿ. ಮಾತ್ರೆಗೆ ಗಟ್ಟಿ ತುಪ್ಪ ಸವರಿ: ಕಹಿಯೂ ತಿಳಿಯದು, ಜಾರಿಯೂ ಹೋಗುತ್ತದೆ. ಬೆಕ್ಕನ್ನು ಮೇಜಿನ ಮೇಲೆ, ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿ, ಕುತ್ತಿಗೆಯವರೆಗೆ ಹಳೆಯ ಟವೆಲ್ ಸುತ್ತಿ, ಮುಂಗಾಲುಗಳು ಒಳಗಿರಲಿ. ಎಡಗೈಯನ್ನು ತಲೆಯ ಮೇಲಿಂದ ತಂದು, ಹೆಬ್ಬೆರಳು ಮತ್ತು ನಡುಬೆರಳನ್ನು ಕೋರೆಹಲ್ಲಿನ ಹಿಂದೆ, ತುಟಿಯ ಎರಡೂ ಮೂಲೆಗೆ ಇಡಿ. ಮೂಗು ಸೂರಿನ ಕಡೆ ತಿರುಗುವಂತೆ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೆ ಕೆಳದವಡೆ ತಾನೇ ಸಡಿಲವಾಗುತ್ತದೆ. ಬಲಗೈಯ ನಡುಬೆರಳಿನಿಂದ ಕೆಳಗಿನ ಮುಂಬಲ್ಲನ್ನು ಒತ್ತಿ, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ ನಟ್ಟನಡುವೆ ಬಿಡಿ. ತುದಿಯಲ್ಲಿ ಬಿಟ್ಟರೆ ಉಗುಳುತ್ತದೆ. ಬಾಯಿ ಮುಚ್ಚಿಸಿ, ತಲೆಯನ್ನು ತಕ್ಷಣ ನೇರಕ್ಕೆ ತನ್ನಿ. ಕತ್ತೆತ್ತಿಕೊಂಡು ನುಂಗುವುದು ಅದಕ್ಕೂ ಕಷ್ಟ. ಗಂಟಲು ಸವರಿ. ನಾಲಿಗೆ ಹೊರಬಂದು ಮೂಗು ನೆಕ್ಕಿತೋ, ಒಳಗೆ ಹೋಯಿತು ಎಂದು ತಿಳಿಯಿರಿ.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಒಣ ಮಾತ್ರೆ ಅನ್ನನಾಳದಲ್ಲಿ ಕೂತು ಹುಣ್ಣು ಮಾಡಬಹುದು. ಸೂಜಿ ತೆಗೆದ ಸಿರಿಂಜಿನಲ್ಲಿ 5 ಮಿ.ಲೀ. ನೀರನ್ನು ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಡಿ. ಎರಡು ಸಲ ಸೋತರೆ ಅವತ್ತಿಗೆ ಬಿಟ್ಟುಬಿಡಿ. ಹೆದರಿದ ಬೆಕ್ಕನ್ನು ಹಿಡಿದು ಒತ್ತಾಯಿಸುವುದು ನನಗೆ ಒಪ್ಪಿಗೆಯಿಲ್ಲ.

ವೈದ್ಯರು ಹೇಳಿದ ದಿನ ಎರಡನೇ ಮಾತ್ರೆ ತಪ್ಪಿಸಬೇಡಿ. ಆಮೇಲೆ ಹೊರಗೆ ಅಲೆದು ಇಲಿ ಹಿಡಿಯುವ ಬೆಕ್ಕಿಗೆ 3 ತಿಂಗಳಿಗೊಮ್ಮೆ.

ಇಷ್ಟಾದರೂ ಅಕ್ಕಿಕಾಳು ಮತ್ತೆ ಕಂಡರೆ ಮಾತ್ರೆಯನ್ನು ಬೈಯಬೇಡಿ, ಚಿಗಟ ಹುಡುಕಿ. ಮೈ ನೆಕ್ಕುವಾಗ ಬೆಕ್ಕು ಚಿಗಟವನ್ನೂ ನುಂಗುತ್ತದೆ, ಲಾಡಿಹುಳದ ಮರಿ ಅದರೊಳಗೇ ಇರುತ್ತದೆ. ಹಾಸಿಗೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಬೆಕ್ಕಿನ ಚಿಗಟದ ಔಷಧಿ ಹಾಕಿ. ನಾಯಿಯದ್ದು ಮನೆಯಲ್ಲಿದೆಯೆಂದು ಅದನ್ನೇ ಸುರಿಯಬೇಡಿ: ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ನಡುಗಿ ಪ್ರಾಣ ಬಿಡುತ್ತದೆ.