ಆನ್‌ಲೈನ್‌ನಲ್ಲಿ ರಿಸರ್ಚ್ ಮೆಥಡಾಲಜಿ: ನಾಲ್ಕನೇ ಬ್ಯಾಚ್ ದಡ ಸೇರಿದ ಕಥೆ

ರಿಸರ್ಚ್ ಮೆಥಡಾಲಜಿ, ಅಂದರೆ ಸಂಶೋಧನೆ ಮಾಡುವ ವಿಧಾನವನ್ನು, ನಾನು ಅಧ್ಯಾಪಕರಿಗೆ, ಪಿಎಚ್‌ಡಿ ಹುಡುಗರಿಗೆ ಆನ್‌ಲೈನ್‌ನಲ್ಲಿ ಕಲಿಸುತ್ತೇನೆ. ನಮ್ಮ ವಿಭಾಗದ ಹಿರಿಯರೊಬ್ಬರು 2020ರಲ್ಲೇ ಹೇಳಿದ್ದರು. "ಮೇಡಂರೀ, ರಿಸರ್ಚ್ ಮೆಥಡಾಲಜಿ ಅಂದ್ರ ಈಜು ಇದ್ದಂಗ. ಫೋನಿನ್ಯಾಗ ಈಜು ಕಲಸಾಕ ಬರ್ತದೇನ್ರಿ?" ಆಗ ನಕ್ಕು ಸುಮ್ಮನಾಗಿದ್ದೆ. ಮೂರು ಬ್ಯಾಚ್ ಮುಳುಗಿದ ಮೇಲೆ ಅವರ ಮಾತೇ ಖರೆ ಇರಬೇಕು ಅನ್ನಿಸಿತ್ತು. ನಾಲ್ಕನೆಯದು ದಡ ಸೇರಿತು. 42 ಜನ ಸೇರಿದ್ದರು, 34 ಮಂದಿ ಇಪ್ಪತ್ತಕ್ಕೆ ಇಪ್ಪತ್ತು ಹೋಂವರ್ಕ್ ಮುಗಿಸಿದರು. ಕೋರ್ಸ್‌ವರ್ಕ್ (ಪಿಎಚ್‌ಡಿಯವರ ಪಾಠ) ನಡೆಸುವವರು ಯಾರಾದರೂ ಈ ಅಂಕಿ ನೋಡಿದರೆ ನನ್ನ ಖುಷಿ ಅರ್ಥವಾಗುತ್ತದೆ.

ಮೊದಲನೆಯದು ಲಾಕ್‌ಡೌನ್ ಕಾಲದ ವೆಬಿನಾರ್. ಏಳು ದಿನದ 'ರಾಷ್ಟ್ರೀಯ' ಕಾರ್ಯಾಗಾರ. ಗೋವಾದಿಂದ ಒಬ್ಬರು ಮಾತಾಡಿದರು, ಅಷ್ಟಕ್ಕೇ ಅದು ರಾಷ್ಟ್ರೀಯ ಆಯಿತು. ಹೆಸರು ಕೊಟ್ಟವರು ಆರುನೂರರ ಹತ್ತಿರ. ಝೂಮ್ ಲೈಸೆನ್ಸ್‌ಗೆ ತಿಂಗಳಿಗೆ ಸಾವಿರದ ಮುನ್ನೂರು ಚಿಲ್ಲರೆ, ನನ್ನ ಜೇಬಿನಿಂದಲೇ. ಅದರಲ್ಲಿ ನೂರು ಜನಕ್ಕಷ್ಟೇ ಜಾಗ, ಉಳಿದವರಿಗೆ ಯೂಟ್ಯೂಬ್. ಚಾಟ್‌ನಲ್ಲಿ ಹೆಚ್ಚು ಸಲ ಬಂದ ಪ್ರಶ್ನೆ ಯಾವುದು ಗೊತ್ತಾ? "ಫೀಡ್‌ಬ್ಯಾಕ್ ಲಿಂಕ್ ಯಾವಾಗ ಹಾಕ್ತೀರಿ ಮೇಡಂ?" ಅದು ತುಂಬಿದರೇ ಸರ್ಟಿಫಿಕೇಟ್ ಅಲ್ವಾ. ಸ್ಯಾಂಪ್ಲಿಂಗ್, ಅಂದರೆ ಅಧ್ಯಯನಕ್ಕೆ ಯಾರನ್ನು ಆರಿಸಬೇಕು ಅನ್ನುವುದರ ಬಗ್ಗೆ, ಒಂದು ಪ್ರಶ್ನೆಯೂ ಇಲ್ಲ. ಕೊನೇ ದಿನ ನೋಡುತ್ತಿದ್ದವರು ನಲವತ್ತು ಜನ ಇರಬಹುದು, ಸರ್ಟಿಫಿಕೇಟ್ ತೊಗೊಂಡವರು ಐನೂರರ ಮೇಲೆ. ಫ್ರೀ ಜಿಮೇಲ್‌ನಿಂದ ಸರ್ಟಿಫಿಕೇಟ್ ಕಳಿಸುವ ಸ್ಕ್ರಿಪ್ಟ್ ದಿನಕ್ಕೆ ನೂರು ದಾಟುತ್ತಿರಲಿಲ್ಲ. ಹೀಗಾಗಿ ಕಾರ್ಯಾಗಾರ ಏಳು ದಿನ, ಸರ್ಟಿಫಿಕೇಟ್ ಹಂಚಿದ್ದು ಮತ್ತೆ ಆರು ದಿನ.

ಎರಡನೇ ಬ್ಯಾಚಿಗೆ ದಿನಾ ಸಂಜೆ ಒಂದೂವರೆ ತಾಸು ಲೈವ್ ಕ್ಲಾಸ್. ಅಧ್ಯಾಪಕರು, ಪಿಎಚ್‌ಡಿ ಹುಡುಗರು ಎಲ್ಲ ಒಟ್ಟಿಗೆ. ಅದೇ ದೊಡ್ಡ ತಪ್ಪು. ಇಪ್ಪತ್ತು ವರ್ಷ ಪಾಠ ಮಾಡಿದವರು ತಮ್ಮ ವಿದ್ಯಾರ್ಥಿಗಳ ಎದುರಿಗೆ "ಪಿ ವ್ಯಾಲ್ಯೂ ನನಗೆ ಗೊತ್ತಾಗಲಿಲ್ಲ" (ಅದು ಸಂಖ್ಯಾಶಾಸ್ತ್ರದ ಒಂದು ಅಳತೆ) ಅಂತ ಕೇಳುತ್ತಾರಾ? ಗೈಡ್ ಇದ್ದಾರೆ ಅಂತ ಹುಡುಗರೂ ಬಾಯಿ ಬಿಡಲಿಲ್ಲ. ಎರಡು ವಾರ ನಾನು ಕಪ್ಪು ಚೌಕಗಳ ಜೊತೆ ಮಾತಾಡಿದೆ. ಒಂದು ಸಲ ಒಬ್ಬರ ಮೈಕ್ ತಪ್ಪಿ ಆನ್ ಆಗಿ ಕುಕ್ಕರ್ ಸೀಟಿ ಕೇಳಿಸಿತು. ಆವತ್ತು ಬಂದ ಏಕೈಕ ಪ್ರತಿಕ್ರಿಯೆ ಅದು.

ಮೂರನೇ ಸಲ ಸ್ಲೈಡ್ ಹಾಕಿ ನಲವತ್ತು ನಿಮಿಷದ ವಿಡಿಯೋಗಳನ್ನು ರೆಕಾರ್ಡ್ ಮಾಡಿದೆ. ಕಾಲರ್ ಮೈಕ್, ರಿಂಗ್ ಲೈಟು ಎಲ್ಲ ಸೇರಿ ಎರಡೂವರೆ ಸಾವಿರ ಹೋಯಿತು. ಆಮೇಲೆ ಯೂಟ್ಯೂಬ್‌ನ ಲೆಕ್ಕ ತೆಗೆದು ನೋಡಿದರೆ ಒಬ್ಬೊಬ್ಬರು ಸರಾಸರಿ ನೋಡಿದ್ದು ಆರು ನಿಮಿಷ ಚಿಲ್ಲರೆ. ಎರಡು ದಿನ ಬೇಜಾರಾಯಿತು. ಆಮೇಲೆ ಹೊಳೆಯಿತು, ಈ ಆರು ನಿಮಿಷವೇ ನನಗೆ ಸಿಕ್ಕ ಡೇಟಾ ಅಲ್ವಾ?

ನಾಲ್ಕನೇ ಬ್ಯಾಚಿಗೆ ವಿಡಿಯೋ ತೆಗೆದೇಬಿಟ್ಟೆ. ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹನ್ನೆರಡು ನಿಮಿಷದ ಆಡಿಯೋ, ಕನ್ನಡದಲ್ಲಿ. ಎರಡು-ಮೂರು ಎಂಬಿ ಅಷ್ಟೇ, ಸಿಗ್ನಲ್ ಸಿಗದ ಊರಲ್ಲೂ ಇಳಿಯುತ್ತದೆ. ಬಸ್ಸಿನಲ್ಲಿ ಎರಡು ಕಾಲೇಜಿನ ನಡುವೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಇದು ಹೇಳಿ ಮಾಡಿಸಿದ ಹಾಗಾಯಿತು. ಆಡಿಯೋ ಕೊನೆಗೆ ಒಂದೇ ಕೆಲಸ, ಅದೂ ಅವರವರ ಸ್ವಂತ ವಿಷಯದ ಮೇಲೆ. ರಾತ್ರಿ ಎಂಟಕ್ಕೆ ನಾಲ್ಕು ಜನರ ಗುಂಪಿಗೆ ಇಪ್ಪತ್ತೈದು ನಿಮಿಷದ ಕಾಲ್. ಎಲ್ಲರಿಗೂ ದಿನಾ ಅಲ್ಲ, ಪಾಳಿ ಪ್ರಕಾರ. ಅಧ್ಯಾಪಕರ ಗುಂಪೇ ಬೇರೆ, ಹುಡುಗರದ್ದೇ ಬೇರೆ. ನಾಲ್ಕು ಜನರನ್ನು ಹೇಗೆ ಆರಿಸಿ ಕೂಡಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದೇ ವಿಷಯದವರನ್ನು ಕೂಡಿಸಬೇಡಿ, ಅಷ್ಟು ಹೇಳಬಲ್ಲೆ.

ಇನ್ನು ದುಡ್ಡು. ಬಿಟ್ಟಿ ಕೊಟ್ಟರೆ ಬೆಲೆ ಇಲ್ಲ ಅಂತ ತಲಾ 500 ರೂಪಾಯಿ ಡಿಪಾಸಿಟ್ ಇಟ್ಟೆ. ಒಂದು ಹೋಂವರ್ಕ್ ಬಂದರೆ 25 ರೂಪಾಯಿ ವಾಪಸ್, ಇಪ್ಪತ್ತೂ ಮುಗಿಸಿದರೆ ಪೂರ್ತಿ ವಾಪಸ್. ಇದನ್ನು ಆಫೀಸಿನ ಮೂಲಕವೇ ಮಾಡೋಣ ಅಂತ ಹೋದೆ. "ವಾಪಸ್ ಕೊಡೋ ಫೀಗೆ ನಮ್ಮಲ್ಲಿ ಲೆಕ್ಕದ ಹೆಡ್ ಇಲ್ಲ ಮೇಡಂ, ಆಡಿಟ್‌ನವರು ಹಿಡೀತಾರೆ" ಅಂದರು. ಮೂರು ವಾರ ಫೈಲ್ ಓಡಾಡಿ ನನ್ನ ಟೇಬಲ್ಲಿಗೇ ವಾಪಸ್ ಬಂತು. ಕಡೆಗೆ ಎಲ್ಲರಿಗೂ ಹೇಳಿ ನನ್ನ ಖಾತೆಗೇ ಯುಪಿಐ ಮಾಡಿಸಿದೆ, ಲೆಕ್ಕದ ಹಾಳೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ದಿನಾ ಸಂಜೆ 25, 25, 25 ಅಂತ ಕಳಿಸುವುದೇ ಒಂದು ಕೆಲಸ. "ಚೀಟಿ ವ್ಯವಹಾರ ಶುರು ಮಾಡಿದ್ಯಾ?" ಅಂತ ಮನೆಯಲ್ಲಿ ತಮಾಷೆ. ನಗಬೇಡಿ, ತಿಂಗಳಿಗೆ ಲಕ್ಷದ ಮೇಲೆ ಸಂಬಳ ಎಣಿಸುವ ಪ್ರೊಫೆಸರ್ ಕೂಡ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ನನ್ನ ಇಪ್ಪತ್ತೈದು ಬಂದಿಲ್ಲಲ್ರೀ" ಅಂದಿದ್ದಾರೆ. ಕೊನೆಗೆ ಉಳಿದದ್ದು ಎರಡು ಸಾವಿರದ ಹತ್ತಿರ.

ಕಾಪಿ ಹೊಡೆಯುವುದನ್ನು ತಡೆಯಲು ಒಂದು ಉಪಾಯ ಮಾಡಿದೆ. ಸಾಫ್ಟ್‌ವೇರ್ ಜಮೋವಿ, ಅಂಕಿಅಂಶ ಲೆಕ್ಕ ಹಾಕುವಂಥದ್ದು, ಫ್ರೀ. ಅದಕ್ಕೆ ಮುಂಚೆ ಯಾರೋ ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ಮಾಡಿದ, ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ತಂದು ಏಳೆಂಟು ಲ್ಯಾಪ್‌ಟಾಪಿಗೆ ವೈರಸ್ ಅಂಟಿಸಿದ್ದರು, ಆ ಕಥೆ ಬೇಡ. ಜಮೋವಿಯ ಫೈಲ್‌ನಲ್ಲಿ ಡೇಟಾ, ಫಲಿತಾಂಶ ಎರಡೂ ಒಟ್ಟಿಗೆ ಇರುತ್ತವೆ. ಅದಕ್ಕೇ ಸ್ಕ್ರೀನ್‌ಶಾಟ್ ಬೇಡ, ಫೈಲೇ ಕಳಿಸಿ ಅಂದೆ. ಅಭ್ಯಾಸದ ಡೇಟಾದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲಿನಲ್ಲಿ ಒಂದು ಹುಳ ಬಿಟ್ಟಿದ್ದೆ. ವಯಸ್ಸು 210, ಮಕ್ಕಳು 45, ಹೀಗೆ. ಮೊದಲ ಸಲ 42ರಲ್ಲಿ ಹಿಡಿದವರು ಒಂಬತ್ತೋ ಹತ್ತೋ ಜನ. ಉಳಿದವರು 210 ವರ್ಷದ ಅಜ್ಜನನ್ನೂ ಸೇರಿಸಿ ಸರಾಸರಿ ತೆಗೆದು, ಮೂರು ದಶಾಂಶ ಸ್ಥಾನದವರೆಗೆ ಬರೆದು ಕಳಿಸಿದರು! ಈಗ ಇನ್ನೂ ಸೂಕ್ಷ್ಮವಾದ ಹುಳ ಬಿಡುತ್ತೇನೆ. ಯಾವುದು ಅಂತ ಹೇಳಿದರೆ ಮುಂದಿನ ಬ್ಯಾಚಿನವರು ಓದಿಬಿಡುತ್ತಾರೆ.

ಸ್ಯಾಂಪಲ್ ಅಂದರೆ 384 ಜನ ಅನ್ನುವ ಮೋಹ ಬಿಡಿಸಿದ್ದೂ ನೆನಪಿದೆ. ಒಬ್ಬಳು ಒಂದು ಹೋಬಳಿಯ ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಕೆಲಸ ಮಾಡುತ್ತಿದ್ದಳು. ಇದ್ದದ್ದೇ 60 ಜನ, ಸ್ಯಾಂಪಲ್ 384 ಅಂತ ಬರೆದಿದ್ದಳು. ಹಿಂದಿನ ಪ್ರಬಂಧದಲ್ಲಿ ಹಾಗಿತ್ತಂತೆ. ಒಟ್ಟು ಇಷ್ಟು ಜನರಿದ್ದರೆ ಎಷ್ಟು ಜನರನ್ನು ಕೇಳಬೇಕು ಅಂತ ಹೇಳುವ ಕ್ರೆಜ್ಸಿ-ಮಾರ್ಗನ್ ಪಟ್ಟಿಯಲ್ಲೇ 60ಕ್ಕೆ 52 ಅಂತ ಇದೆ. "ಎಂಟು ಜನರನ್ನು ಬಿಟ್ಟು ಏನು ಉಳಿಸ್ತೀಯಮ್ಮ, 60 ಜನರನ್ನೂ ಕೇಳು" ಅಂದೆ.

ಕನ್ನಡದಲ್ಲಿ ಪ್ರಬಂಧ ಬರೆಯುವವರಿಂದ ನಾನೂ ಕಲಿತೆ. ಒಬ್ಬ ಹುಡುಗನ ಅಧ್ಯಾಯವನ್ನು ಕಾಪಿ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ ಸಾಮ್ಯತೆ, ಅಂದರೆ ಬೇರೆಯವರ ಬರಹದ ಜೊತೆಗಿನ ಹೋಲಿಕೆ, ಸೊನ್ನೆ ಬಂತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಶೇ 10ರವರೆಗೆ ತೊಂದರೆ ಇಲ್ಲ, ಇವನದು ಸೊನ್ನೆ, ಗೈಡ್‌ಗೆ ಸಂಭ್ರಮ. ನನಗೆ ಅನುಮಾನ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರದ ಕಸ. ಹಳೇ ನುಡಿ ಫಾಂಟ್, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಗೀಚು. ಅದು ಯಾವುದರ ಜೊತೆ ತಾಳೆಯಾಗಬೇಕು? ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ತಿದ್ದಿ, ಮತ್ತೆ ಹಾಕಿಸಿದಾಗ 20ರ ಮೇಲೆ ಹೋಯಿತು. ಪಾಪ, ಅವನ ತಪ್ಪಲ್ಲ, ಹೇಳಿಕೊಟ್ಟವರು ಯಾರೂ ಇರಲಿಲ್ಲ. ಆವತ್ತಿನಿಂದ ನನ್ನ ಮೊದಲ ಹೋಂವರ್ಕ್ ಈ ನೋಟ್‌ಪ್ಯಾಡ್ ಪರೀಕ್ಷೆಯೇ.

ಉಲ್ಲೇಖಗಳ ಪಟ್ಟಿ ಮಾಡಿಕೊಡುವ ಝೊಟೆರೋ ಸಾಫ್ಟ್‌ವೇರಿನಲ್ಲೂ ನಮ್ಮ ಹೆಸರುಗಳದ್ದೇ ಗೋಳು. ಅದು ಮೊದಲ ಹೆಸರು, ಕೊನೆ ಹೆಸರು ಅಂತ ಎರಡು ಕೇಳುತ್ತದೆ. ಕುವೆಂಪುಗೆ ಕೊನೆ ಹೆಸರು ಎಲ್ಲಿಂದ ತರೋದು? ಪಕ್ಕದಲ್ಲಿರುವ ಸಣ್ಣ ಗುಂಡಿ ಒತ್ತಿ ಒಂದೇ ಖಾನೆ ಮಾಡಿಕೊಂಡರೆ ಮುಗಿಯಿತು. ಈ ಒಂದು ಗುಂಡಿಗೆ ಬಂದಷ್ಟು ಥ್ಯಾಂಕ್ಸ್ ನನ್ನ ರಿಗ್ರೆಷನ್ ಪಾಠಕ್ಕೂ ಬಂದಿಲ್ಲ.

ಮಧ್ಯೆ ಒಂದು ಅಡ್ಡ ಪ್ರಯೋಗ. 'ಸಂಪೂರ್ಣ ಒಪ್ಪುತ್ತೇನೆ' ಇಂದ 'ಸಂಪೂರ್ಣ ಒಪ್ಪುವುದಿಲ್ಲ'ದವರೆಗಿನ ಐದು ಹಂತದ ಪ್ರಶ್ನೆಗಳಿಗೆ ಹಳ್ಳಿಯಲ್ಲಿ ಎಲ್ಲರೂ "ಹೌದ್ರಿ" ಅಂತಲೇ ಅನ್ನುತ್ತಾರೆ. ಪೇಟೆಯಿಂದ ಬಂದವರಿಗೆ ಬೇಜಾರು ಮಾಡಬಾರದು ಅಂತ. ನಾವು ಹಳೇ ಆಣೆ ಲೆಕ್ಕದಲ್ಲಿ (ಹದಿನಾರಾಣೆಗೆ ಒಂದು ರೂಪಾಯಿ) ಕೇಳಿಸಿದೆವು. ಈ ಮಾತು ಹದಿನಾರಾಣೆ ಖರೆಯೋ, ಹನ್ನೆರಡಾಣೆಯೋ, ಎಂಟಾಣೆಯೋ, ನಾಲ್ಕಾಣೆಯೋ, ಒಂದಾಣೆಯೂ ಇಲ್ಲವೋ? ಅರವತ್ತು ದಾಟಿದವರು ಪಟಪಟ ಅಂತ ಹೇಳಿದರು. ಒಬ್ಬ ಅಜ್ಜಿ "ಆರಾಣಿ ಬರ್ಕೋ" ಅಂದಳಂತೆ, ನಮ್ಮ ಅಳತೆಯಲ್ಲಿ ಆರಾಣೆ ಇರಲೇ ಇಲ್ಲ. ಆದರೆ ಇಪ್ಪತ್ತೈದರ ಹುಡುಗರಿಗೆ ಆಣೆ ಅಂದರೇನು ಅಂತ ಮೊದಲು ಪಾಠ ಮಾಡಬೇಕಾಯಿತು. ಸದ್ಯಕ್ಕೆ ಅದನ್ನು ಹಿರಿಯರ ಅಧ್ಯಯನಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಸಂದರ್ಶನ ಮಾಡುವುದನ್ನು ಮಾತ್ರ ಇನ್ನೂ ಆನ್‌ಲೈನ್‌ನಲ್ಲಿ ಕಲಿಸಲು ನನಗೆ ಬಂದಿಲ್ಲ. ಎದುರಿನವರು ಸುಮ್ಮನಾದಾಗ ತಾನೂ ಸುಮ್ಮನಿರುವುದನ್ನು ಆಡಿಯೋದಲ್ಲಿ ಹೇಗೆ ಹೇಳಿಕೊಡೋದು? ಕಾಲ್‌ನಲ್ಲಿ ಯಾರಾದರೂ ಸುಮ್ಮನಾದರೆ ನೆಟ್ ಹೋಯಿತು ಅಂತಲೇ ಅಂದುಕೊಳ್ಳುತ್ತಾರೆ. ಅದಕ್ಕೆ ಕೊನೇ ಭಾನುವಾರ ಬರಲಿಕ್ಕಾದವರನ್ನು ಕರೆಸಿ, ಇಬ್ಬಿಬ್ಬರನ್ನು ತರಕಾರಿ ಮಾರ್ಕೆಟ್ಟಿಗೆ ಕಳಿಸಿದೆ. ಬಸ್ ಚಾರ್ಜ್ ಅವರದು. ಮಧ್ಯಾಹ್ನದ ಗಿರ್ಮಿಟ್ಟು, ಮಿರ್ಚಿ ಭಜಿ ಆ ಉಳಿದ ಎರಡು ಸಾವಿರದಲ್ಲಿ ಆಯಿತು. ಹೋಂವರ್ಕ್ ತಪ್ಪಿಸಿದ ಎಂಟು ಜನರಲ್ಲಿ ಆರು ಮಂದಿ ತಿನ್ನಲು ಬಂದಿದ್ದರು. "ನಮ್ಮ ರೊಕ್ಕದ್ದ ಐತಲ್ರಿ" ಅಂದರು.